ತೆಳ್ಳಗಿದ್ದವಳು

ಕೊಟ್ರಬಸಪ್ಪ ಬದುಕಿದ್ದಾನೋ ಇಲ್ಲವೋ ಎಂದು ತಿಳಿದುಕೊಳ್ಳಲು ಶಿವಮೊಗ್ಗದಿಂದ ಫೋನ್ ಬಂದದ್ದು ೨೦೨೪ರ ಜನವರಿಯ ಒಂದು ಮಂಗಳವಾರ. ಮಾಚೇನಹಳ್ಳಿಯ ತನ್ನ ವರ್ಕ್‌ಶಾಪಿನಲ್ಲಿ ಅವನು ಅಡಿಕೆ ಸುಲಿಯುವ ಯಂತ್ರದ ಶಾಫ್ಟೊಂದನ್ನು ಲೇತಿಗೆ ಕಟ್ಟಿ ನಿಂತಿದ್ದ. ಕೈ ಒರೆಸಿಕೊಂಡು ಫೋನ್ ಎತ್ತಿದ.

"ಕೊಟ್ರಬಸಪ್ಪ ಅನ್ನೋರ ಮನೆಯವರಾ?"

"ನಾನೇ ಕೊಟ್ರಬಸಪ್ಪ. ಹೇಳಿ."

ಆ ಕಡೆಯದು ಹೆಣ್ಣುದನಿ. "ಓ, ನೀವೇನಾ? ಒಳ್ಳೇದಾಯ್ತು ಸರ್."

ತಾನು ಇರುವುದು ಒಳ್ಳೆಯದಾಯಿತು ಎಂಬ ಮಾತನ್ನು ಅವನು ಕೇಳಿ ಮೂರು ವರ್ಷವಾಗುತ್ತ ಬಂದಿತ್ತು. ಲೇತನ್ನು ಆರಿಸಿದ.

ಮಾತಾಡುತ್ತಿದ್ದವಳ ಹೆಸರು ಸುಮನಾ. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ವೈದ್ಯೆ, ಜೊತೆಗೆ ಮೇಲಿನ ಓದನ್ನೂ ಓದುತ್ತಿದ್ದಳು. ಕೊರೊನಾದ ಎರಡನೇ ಅಲೆಯಲ್ಲಿ ಅಲ್ಲಿ ಎದೆಯ ಸ್ಕ್ಯಾನ್ ಮಾಡಿಸಿಕೊಂಡಿದ್ದ ಇನ್ನೂರು ಚಿಲ್ಲರೆ ಮಂದಿಯನ್ನು ಅವಳು ಒಬ್ಬೊಬ್ಬರನ್ನಾಗಿ ಹುಡುಕುತ್ತಿದ್ದಳು. "ಹೃದಯದ ಸುತ್ತ ಕೊಬ್ಬಿರುತ್ತೆ ಸರ್. ಅದು ದಪ್ಪ ಇದ್ದೋರಿಗೆ, ಶುಗರ್ ಇದ್ದೋರಿಗೆ ಆ ಕಾಯಿಲೆ ಎಷ್ಟು ಜೋರಾಯ್ತು ಅಂತ ನೋಡ್ತಿದೀವಿ. ಒಂದ್ಸಲ ಬಂದ್ರೆ ನಿಮ್ಮನ್ನೂ ಪೂರ್ತಿ ಚೆಕ್ ಮಾಡ್ತೀವಿ." ಆಮೇಲೆ ಕಾಗದ ತಿರುವುವ ಸದ್ದು. "ಇದೇ ನಂಬರಲ್ಲಿ ದಾಕ್ಷಾಯಣಮ್ಮ ಅಂತ ಇನ್ನೊಂದು ಹೆಸರಿದೆ..."

"ಅವಳಿಲ್ಲ" ಎಂದ ಕೊಟ್ರಬಸಪ್ಪ. "ಅಲ್ಲೇ ಹೋದ್ಲು."

ಬರುತ್ತೇನೆ ಎಂದಾಗಲಿ ಬರುವುದಿಲ್ಲ ಎಂದಾಗಲಿ ಹೇಳದೆ ಫೋನ್ ಇಟ್ಟ. ಆ ದಿನ ಶಾಫ್ಟ್ ಹಾಗೆಯೇ ಉಳಿಯಿತು.

ಕೊಟ್ರಬಸಪ್ಪನಿಗೆ ಐವತ್ತಾರು. ಚಿಕ್ಕಂದಿನಿಂದಲೂ ದಪ್ಪ ಮೈ. ಮೂವತ್ತೊಂಬತ್ತಕ್ಕೆ ಸಕ್ಕರೆ ಕಾಯಿಲೆ ಬಂತು. ಮಕ್ಕಳಾಗಿರಲಿಲ್ಲ. ಭದ್ರಾವತಿಯ ಹಳೆನಗರದಲ್ಲಿ ಓಂಕಾರಪ್ಪ ಎಂಬವರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ಅವನೂ ಹೆಂಡತಿ ದಾಕ್ಷಾಯಣಿಯೂ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದರು. ಅವನ ತೂಕ ನೂರಾ ಹನ್ನೆರಡು ಕಿಲೋ ಮುಟ್ಟಿದಾಗ ಅವಳದು ನಲವತ್ತೇಳು. ಇಬ್ಬರೂ ಜೊತೆಯಾಗಿ ಯಾವುದಾದರೂ ಮದುವೆಗೆ ಹೋದರೆ ನೆಂಟರು ನಗುತ್ತಿದ್ದರು. "ಏನ್ರೀ ದಾಕ್ಷಾಯಣಮ್ಮ, ಮಾಡಿದ್ದೆಲ್ಲ ಅವರಿಗೇ ಬಡಿಸಿ ನೀವು ಪಾತ್ರೆ ತೊಳೆದು ಮಲಗ್ತೀರೇನು?" ಅವಳೂ ನಗುತ್ತಿದ್ದಳು. ಅವನಿಗೆ ರಾಗಿ ರೊಟ್ಟಿಯನ್ನು ಲೆಕ್ಕವಿಟ್ಟು ಬಡಿಸುವವಳು ಅವಳೇ; ಪ್ರತಿದಿನ ಬೆಳಿಗ್ಗೆ ಕಾಫಿಗೆ ಮೊದಲು ಅವನ ಬೆರಳು ಚುಚ್ಚಿ, ಸಕ್ಕರೆ ಎಷ್ಟಿದೆ ಎಂದು ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯುವವಳೂ ಅವಳೇ.

೨೦೨೧ರ ಏಪ್ರಿಲ್ ಕೊನೆಯಲ್ಲಿ ಹಳೆಯ ಗಿರಾಕಿಯೊಬ್ಬರ ಗೃಹಪ್ರವೇಶವಿತ್ತು. "ಈಗ ಬೇಡ ಕಣ್ರೀ, ಎಲ್ಲೆಲ್ಲೂ ಜ್ವರ ಅಂತಿದಾರೆ" ಎಂದಳು ದಾಕ್ಷಾಯಣಿ. "ಹೋಗಿ ಮುಖ ತೋರಿಸಿ ಬರ್ತೀನಿ" ಎಂದು ಹೋದವನು ಪಂಕ್ತಿಯಲ್ಲಿ ಕೂತು ಹೋಳಿಗೆ ಊಟ ಮಾಡಿ ಬಂದ. ನಾಲ್ಕನೆಯ ದಿನಕ್ಕೆ ಅವನಿಗೆ ಜ್ವರ, ಆರನೆಯ ದಿನಕ್ಕೆ ಅವಳಿಗೆ. ಉಸಿರು ಕಟ್ಟತೊಡಗಿದಾಗ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದರು. ಸ್ಕ್ಯಾನ್ ಮಾಡುವ ಕೋಣೆಯ ಹೊರಗೆ ಅವಳು ಬಳೆ, ಮೂಗುಬೊಟ್ಟು ಬಿಚ್ಚಿ ಕರವಸ್ತ್ರದಲ್ಲಿ ಗಂಟು ಕಟ್ಟಿ ಅವನ ಜೇಬಿಗೆ ಹಾಕಿದಳು. ಅವನು ಅವಳನ್ನು ನೋಡಿದ್ದು ಅದೇ ಕೊನೆ. ಗಂಡಸರ ವಾರ್ಡು ಎರಡನೆಯ ಮಹಡಿಯಲ್ಲಿ, ಹೆಂಗಸರದು ಮೂರನೆಯದರಲ್ಲಿ. ಆಸ್ಪತ್ರೆ ಸೇರಿದ ಒಂಬತ್ತನೆಯ ದಿನ ಅವಳು ತೀರಿಕೊಂಡಳು. ಆಕ್ಸಿಜನ್ ಹಾಕಿಸಿಕೊಂಡು ಬೋರಲು ಮಲಗಿದ್ದ ಅವನಿಗೆ ಅದನ್ನು ಹೇಳಿದ್ದು ಹನ್ನೊಂದನೆಯ ದಿನ. ಅಷ್ಟರಲ್ಲಿ ಸರ್ಕಾರದ ಕಡೆಯವರೇ ಮಣ್ಣು ಮಾಡಿ ಮುಗಿಸಿದ್ದರು. ದಾಕ್ಷಾಯಣಿಯ ತಂಗಿ ಜಲಜಮ್ಮ ದೂರದ ಬೇಲಿಯ ಆಚೆ ನಿಂತು ನೋಡಿದಳಂತೆ. ಅಕ್ಕನನ್ನು ಕೂರಿಸಿ ಪೂಜೆ ಮಾಡಲಿಲ್ಲ, ಹಣೆಗೆ ವಿಭೂತಿ ಹಚ್ಚಲಿಲ್ಲ. ಬಿಳಿ ಚೀಲವನ್ನು ಇಳಿಸಿದ್ದಷ್ಟೇ ಅವಳಿಗೆ ಕಂಡದ್ದು.

ಕೊಟ್ರಬಸಪ್ಪ ಮನೆಗೆ ಬಂದ ಮೂರನೆಯ ದಿನ ಜಲಜಮ್ಮ ಫೋನ್ ಮಾಡಿದಳು. ಹೇಗಿದ್ದೀರಿ ಎಂದು ಕೇಳಲಿಲ್ಲ.

"ಊಟಕ್ಕೆ ಹೋಗ್ಬೇಡಿ ಅಂದಿದ್ಲಂತೆ. ಹೋದ್ರಿ. ನಿಮ್ಮ ಆ ಹೊಟ್ಟೆಗೆ ನಮ್ಮಕ್ಕನ್ನೂ ಹಾಕ್ಕೊಂಡ್ರಲ್ಲ ಭಾವ."

ಆ ಮಾತು ಸುಳ್ಳೆಂದು ಅವನಿಗೂ ಅನ್ನಿಸಿರಲಿಲ್ಲ. ಟಿ.ವಿ.ಯಲ್ಲಿ, ಪೇಪರಿನಲ್ಲಿ ಎಲ್ಲ ಕಡೆ ಅದೇ ಬರುತ್ತಿತ್ತು: ಬೊಜ್ಜಿದ್ದವರು, ಸಕ್ಕರೆ ಕಾಯಿಲೆಯವರು ಹುಷಾರು, ಅವರಿಗೇ ಅಪಾಯ ಜಾಸ್ತಿ. ಎರಡೂ ಇದ್ದವನು ಉಳಿದ. ಎರಡೂ ಇಲ್ಲದವಳು ಹೋದಳು. ಬೀದಿಯಲ್ಲಿ ಯಾರಾದರೂ ಅವನನ್ನು ತುಸು ಹೆಚ್ಚು ಹೊತ್ತು ನೋಡಿದರೆ, ಅವರು ಇದನ್ನೇ ಯೋಚಿಸುತ್ತಿದ್ದಾರೆ ಎಂದು ಅವನಿಗೆ ಖಾತ್ರಿಯಾಗಿ ಗೊತ್ತಾಗುತ್ತಿತ್ತು.

ಅಂದಿನಿಂದ ಅವನು ಯಾರ ಮನೆಯ ಊಟಕ್ಕೂ ಹೋಗಲಿಲ್ಲ. ಮದುವೆಯ ಕರೆ ಬಂದರೆ ಬೆಳಗಿನ ಹೊತ್ತಿಗೇ ಹೋಗಿ, ಉಡುಗೊರೆಯ ಕವರು ಕೊಟ್ಟು, ಊಟದ ಮನೆಯ ಕಡೆ ತಿರುಗದೆ ಬಂದುಬಿಡುತ್ತಿದ್ದ. ಮಧ್ಯಾಹ್ನ ವರ್ಕ್‌ಶಾಪಿನ ಶಟರನ್ನು ಅರ್ಧ ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದ. ಬೆರಳು ಚುಚ್ಚುವ ಯಂತ್ರ ಬೀರುವಿನಲ್ಲೇ ಉಳಿಯಿತು. ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ. ಒಂದು ಭಾನುವಾರ ಸಂಜೆ ಕೆಳಗಿನಿಂದ ಓಂಕಾರಪ್ಪ ನೀರಿನ ಮೋಟಾರಿನ ವಿಚಾರಕ್ಕೆ ಕೂಗಿದಾಗ ಓಗೊಡಲು ಹೋಗಿ ಗಂಟಲು ಕಟ್ಟಿಕೊಂಡಿತು. ಶನಿವಾರ ಮಧ್ಯಾಹ್ನದಿಂದ ತಾನು ಯಾರೊಡನೆಯೂ ಮಾತಾಡಿಲ್ಲವೆಂಬುದು ಆಗ ಅವನಿಗೆ ಹೊಳೆಯಿತು.

ಜಲಜಮ್ಮ ಇದ್ದದ್ದು ಹೊಳೆಯಾಚೆ ಜನ್ನಾಪುರದಲ್ಲಿ. ಅವಳ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮಗಳು ವಿದ್ಯಾಶ್ರೀ ಕಾಲೇಜು ಓದುತ್ತಿದ್ದಳು. ಸಂತೆಯಲ್ಲಿ ಎರಡು ಸಲ ಎದುರಾದಾಗ ಜಲಜಮ್ಮ ಪಕ್ಕದ ಸಾಲಿಗೆ ಹೊರಳಿಕೊಂಡಿದ್ದಳು.

ಸುಮನಾ ಇನ್ನೂ ಎರಡು ಸಲ ಫೋನ್ ಮಾಡಿದಳು. ಎರಡನೆಯ ಸಲ, "ಬರೋಕೆ ಆಗದಿದ್ರೆ ಪರವಾಗಿಲ್ಲ ಸರ್, ಹೇಗಿದೀರ ಅಂತ ಹೇಳಿದ್ರೂ ಸಾಕು" ಎಂದಳು. ಆ ಮಾತಿಗೆ ಅವನು ಗುರುವಾರ ಬಸ್ಸು ಹತ್ತಿದ.

ಆಸ್ಪತ್ರೆಯಲ್ಲಿ ಅವನ ತೂಕ, ಎತ್ತರ, ಸೊಂಟದ ಸುತ್ತಳತೆ ತೆಗೆದುಕೊಂಡರು. ತೂಕ ತೊಂಬತ್ತೆಂಟು. ರಕ್ತ ಪರೀಕ್ಷೆಯ ವರದಿ ಬರುವವರೆಗೆ ಬೆಂಚಿನ ಮೇಲೆ ಕಾದ. ಸುಮನಾ ಇಪ್ಪತ್ತೆಂಟು ಇಪ್ಪತ್ತೊಂಬತ್ತರ, ಕನ್ನಡಕ ಹಾಕಿದ, ಬೇಗ ಬೇಗ ಮಾತಾಡುವ ಹುಡುಗಿ. ವರದಿ ನೋಡಿ ಮುಖ ಗಂಟಿಕ್ಕಿದಳು.

"ಮೂರು ತಿಂಗಳ ಶುಗರ್ ಸರಾಸರಿ ಒಂಬತ್ತು ಪಾಯಿಂಟ್ ಎಂಟು ಇದೆ, ಏಳರೊಳಗೆ ಇರಬೇಕು. ಮಾತ್ರೆ ತಗೊಳ್ತಿದೀರಾ?"

"ನೆನಪಾದಾಗ ತಗೊಳ್ತೀನಿ."

"ನೆನಪು ಮಾಡೋರು ಯಾರೂ ಇಲ್ವಾ?" ಎಂದು ಕೇಳಿದವಳು, ಕೇಳಬಾರದಿತ್ತು ಅನ್ನಿಸಿರಬೇಕು, ಕಂಪ್ಯೂಟರಿನ ಕಡೆ ತಿರುಗಿದಳು. "ಬನ್ನಿ, ನಿಮ್ಮ ಹಳೇ ಸ್ಕ್ಯಾನ್ ತೋರಿಸ್ತೀನಿ."

ಪರದೆಯ ಮೇಲೆ ಎದೆಯನ್ನು ಅಡ್ಡಕ್ಕೆ ಕೊಯ್ದಂಥ ಬೂದು ಚಿತ್ರ ಬಂತು. ನಡುವೆ ಹೃದಯ, ಅದರ ಅಂಚಿಗೆ ಒಂದು ಕಪ್ಪನೆಯ ಪಟ್ಟಿ. ಆ ಪಟ್ಟಿಯೇ ಕೊಬ್ಬು ಎಂದಳು. "ಸ್ವಲ್ಪ ಎಲ್ಲರಿಗೂ ಇರುತ್ತೆ. ಜಾಸ್ತಿಯಾದ್ರೆ ಅದು ಸುಮ್ನೆ ಕೂತಿರಲ್ಲ ಸರ್. ಉರಿಯೂತ ಮಾಡೋ ಅಂಶಗಳನ್ನ ಬಿಡ್ತಾನೇ ಇರುತ್ತೆ. ವೈರಸ್ಸು ಒಳಗೆ ಬರೋ ಹೊತ್ತಿಗೆ ಮೈ ಆಗಲೇ ಕಾದಿರುತ್ತೆ. ಮೇಲೆ ಶುಗರ್ ಬೇರೆ ಇದ್ರೆ ಎದುರಿಸೋ ಶಕ್ತಿ ಕಮ್ಮಿ." ಮೌಸಿನಿಂದ ಪಟ್ಟಿಯ ಒಂದು ಬದಿಯಿಂದ ಇನ್ನೊಂದಕ್ಕೆ ಗೆರೆ ಎಳೆದಳು. "ಐದು ಮಿಲಿಮೀಟರ್ ದಾಟಿದ್ರೆ ಜಾಸ್ತಿ ಅಂತ ಲೆಕ್ಕ. ನಿಮ್ಮದು ಎಂಟು ಪಾಯಿಂಟ್ ಒಂದು."

ಜೀವನವಿಡೀ ಕಬ್ಬಿಣದ ಮೇಲೆ ಮಿಲಿಮೀಟರುಗಳನ್ನು ಅಳೆದವನಿಗೆ ಅದು ಎಷ್ಟೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದ: "ಅವಳದ್ದೂ ಇದೆಯಲ್ಲ ನಿಮ್ಮ ಹತ್ರ?"

ಸುಮನಾ ಎದ್ದಳು. ಹೊರಗೆ ಹೋಗಿ ತನ್ನ ಹಿರಿಯ ವೈದ್ಯರನ್ನು ಕೇಳಿಕೊಂಡು ಬಂದಳು. ಗಂಡನೆಂಬುದಕ್ಕೆ ಆಧಾರ್ ಕಾರ್ಡು ನೋಡಿ, ಒಂದು ಹಾಳೆಗೆ ಅವನ ಸಹಿ ಹಾಕಿಸಿಕೊಂಡಳು. ಆಮೇಲೆ ಚಿತ್ರ ತೆರೆದಳು. ಮೂಲೆಯಲ್ಲಿ ದಾಕ್ಷಾಯಣಮ್ಮ ಎಂಬ ಹೆಸರು, ನಲವತ್ತೊಂಬತ್ತು ಎಂಬ ವಯಸ್ಸು, ಮೇ ತಿಂಗಳ ಆ ತಾರೀಖು. ಅವಳ ಬಳೆಗಳು ತನ್ನ ಜೇಬಿನಲ್ಲಿದ್ದ ಆ ಐದು ನಿಮಿಷದಲ್ಲಿ ಒಳಗೆ ತೆಗೆದ ಚಿತ್ರ. ಅವಳದೆಂದು ಉಳಿದ ಕಟ್ಟಕಡೆಯ ಚಿತ್ರ ಇದೇ ಎಂಬುದು ಅವನಿಗೆ ಆಗ ತಿಳಿಯಿತು. ಪರದೆಯ ಹತ್ತಿರಕ್ಕೆ ಬಗ್ಗಿದ.

ಅಲ್ಲಿಯೂ ಕಪ್ಪು ಪಟ್ಟಿಯಿತ್ತು.

"ಏಳೂವರೆ" ಎಂದಳು ಸುಮನಾ ಮೆಲ್ಲಗೆ.

"ಅದು ಹೇಗೆ? ಅವಳು ಕಡ್ಡಿ ಇದ್ದಂಗಿದ್ಲು ಡಾಕ್ಟ್ರೇ. ನಲವತ್ತೇಳು ಕೆ.ಜಿ."

"ಹೊರಗೆ ಕಾಣೋ ಬೊಜ್ಜು ಬೇರೆ, ಒಳಗೆ ಸೇರ್ಕೊಳ್ಳೋ ಕೊಬ್ಬು ಬೇರೆ ಸರ್. ತೆಳ್ಳಗೆ ಕಾಣೋ ಎಷ್ಟೋ ಜನಕ್ಕೆ ಒಳಗಡೆ ಇರುತ್ತೆ. ಅವರಿಗೆ ಶುಗರ್ ಎಷ್ಟು ವರ್ಷದಿಂದ ಇತ್ತು?"

"ಶುಗರ್ ನಂಗೆ. ಅವಳಿಗಿರಲಿಲ್ಲ."

ಸುಮನಾ ಹಳೆಯ ಕಡತವನ್ನು ತಿರುವಿ ಒಂದು ಹಾಳೆಯ ಮೇಲೆ ಬೆರಳಿಟ್ಟಳು. "ಸೇರಿಸಿದ ದಿನಾನೇ ಮುನ್ನೂರ ಎಂಬತ್ತಾರು. ಅದು ಬೇಕಾದ್ರೆ ಕಾಯಿಲೆಯಿಂದ ಏರಿತ್ತು ಅನ್ನಬಹುದು. ಆದ್ರೆ ಸರಾಸರಿನೂ ನೋಡಿದಾರೆ, ಹನ್ನೊಂದು ಪಾಯಿಂಟ್ ಎರಡು. ಇದು ತಿಂಗಳುಗಟ್ಟಲೆ ಮೊದಲಿಂದ ಇದ್ದಿದ್ದು ಸರ್. ನಿಮಗ್ಯಾರೂ ಹೇಳ್ಲಿಲ್ವಾ?"

ಯಾರೂ ಹೇಳಿರಲಿಲ್ಲ. ಆ ದಿನಗಳಲ್ಲಿ ಹೇಳಲು ಯಾರಿಗೆ ಬಿಡುವಿತ್ತು? ಕೊಟ್ರಬಸಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಕೂತ. ಒಂದೊಂದಾಗಿ ನೆನಪಿಗೆ ಬಂದವು. ಕೊನೆಯ ವರ್ಷ ಅವಳು ತಲೆದೆಸೆಯಲ್ಲಿ ಎರಡು ಚೊಂಬು ನೀರಿಟ್ಟುಕೊಂಡು ಮಲಗುತ್ತಿದ್ದಳು. ರವಿಕೆಗಳು ಸಡಿಲವಾದವೆಂದು ಹೊಲಿಗೆ ಬಿಗಿ ಮಾಡಿಸಿಕೊಂಡಿದ್ದಳು. ಹಿಮ್ಮಡಿಯ ಗಾಯವೊಂದು ಯುಗಾದಿಗೆ ಆದದ್ದು ದಸರೆಗೂ ಒಣಗಿರಲಿಲ್ಲ. "ವಯಸ್ಸಾಯ್ತಲ್ಲ" ಎಂದಿದ್ದಳು. ಅವನೂ ಹೌದೆಂದಿದ್ದ.

"ಹಂಗಾದ್ರೆ," ಎಂದ, "ಅವಳು ಹೋಗಿದ್ದು ನನ್ನಿಂದ ಅಲ್ವಾ?"

ಆ ಹುಡುಗಿ ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ. "ವೈರಸ್ಸು ಯಾರಿಂದ ಯಾರಿಗೆ ಬಂತು ಅಂತ ಸ್ಕ್ಯಾನ್ ಹೇಳಲ್ಲ ಸರ್. ಇದ್ರಿಂದಲೇ ಹೋದ್ರು ಅಂತಲೂ ನಾನು ಹೇಳೋಕಾಗಲ್ಲ. ಇಂಥೋರಿಗೆ ಅಪಾಯ ಜಾಸ್ತಿ ಇತ್ತು, ಅಷ್ಟೇ ಗೊತ್ತಿರೋದು. ನಿಮ್ಮಿಬ್ರಿಗೂ ಇತ್ತು. ನೀವು ಉಳಿದ್ರಿ." ಕಡತ ಮುಚ್ಚುತ್ತ ಕೇಳಿದಳು: "ಅವರಿಗೆ ಅಣ್ಣ ತಮ್ಮ, ಅಕ್ಕ ತಂಗಿ ಯಾರಾದ್ರೂ ಇದಾರಾ? ಇದ್ರೆ ಒಂದ್ಸಲ ಶುಗರ್ ನೋಡಿಸ್ಕೊಳ್ಳೋಕೆ ಹೇಳಿ. ಮನೆತನದಲ್ಲಿ ಬರೋದು."

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವನಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಒಂದು ದಿನದ ಊಟದ ತಪ್ಪು ಮಾತ್ರ ಅವನ ಮೇಲಿತ್ತು. ಈಗ ಹದಿನಾಲ್ಕು ವರ್ಷದ ಬೆಳಗುಗಳು ಬಂದು ಕೂತವು. ಬೆರಳು ಚಾಚಿ ಕೊಟ್ಟವನು ಅವನು. ಆ ಸೂಜಿ, ಆ ಯಂತ್ರ ಅವಳ ಕೈಯಲ್ಲೇ ಇದ್ದವು. ನಿಂದೂ ಒಂದು ಸಲ ನೋಡೋಣ ಬಾ ಎಂದು ಅವನ ಬಾಯಲ್ಲಿ ಬಂದಿರಲಿಲ್ಲ. ಯಾಕೆಂದರೆ ಅವಳು ತೆಳ್ಳಗಿದ್ದಳು.

ಜಲಜಮ್ಮನೂ ತೆಳ್ಳಗಿದ್ದಳು.

ಮಾಚೇನಹಳ್ಳಿಯಲ್ಲಿ ಇಳಿಯಬೇಕಾದವನು ಇಳಿಯಲಿಲ್ಲ. ಭದ್ರಾವತಿಯವರೆಗೂ ಹೋಗಿ, ಆಟೋ ಹಿಡಿದು ಜನ್ನಾಪುರದ ಆ ಮನೆಯ ಮುಂದೆ ನಿಂತಾಗ ನಾಲ್ಕು ಗಂಟೆ. ಬಾಗಿಲು ತೆರೆದ ವಿದ್ಯಾಶ್ರೀ "ದೊಡ್ಡಪ್ಪ!" ಎಂದು ಅಲ್ಲೇ ನಿಂತಳು. ಒಳಗಿನಿಂದ ಜಲಜಮ್ಮ ಬಂದಳು. ಅದೇ ಮುಖ, ಅದೇ ಎತ್ತರ, ಸೆರಗು ಸಿಕ್ಕಿಸುವ ರೀತಿಯೂ ಅಕ್ಕನದೇ. ಕೊಟ್ರಬಸಪ್ಪ ಕಣ್ಣು ಕೆಳಗಿಳಿಸಿದ.

"ಏನು ಭಾವ?"

ಅವನು ಹೊಸಿಲಾಚೆ ನಿಂತೇ ಎಲ್ಲವನ್ನೂ ಹೇಳಿದ. ಸ್ಕ್ಯಾನು, ಏಳೂವರೆ, ಮುನ್ನೂರ ಎಂಬತ್ತಾರು. ಸರಿಯಾಗಿ ಹೇಳಲು ಬರಲಿಲ್ಲ, ಎರಡೆರಡು ಸಲ ಹೇಳಿದ. ಜಲಜಮ್ಮನ ಮುಖ ಬಿಗಿಯುತ್ತ ಹೋಯಿತು.

"ಅಂದ್ರೆ ತಪ್ಪು ನಮ್ಮಕ್ಕಂದೇ ಅಂತ ಹೇಳಕ್ಕೆ ಬಂದ್ರಾ? ಮೂರು ವರ್ಷ ಬಿಟ್ಟು?"

"ಅಲ್ಲ ಜಲಜಾ. ತಪ್ಪು ನಂದೇ. ದಿನಾ ನನ್ನ ಬೆರಳು ಚುಚ್ಚಿ ನೋಡ್ತಿದ್ಲು. ಅವಳ ಬೆರಳನ್ನ ನಾನು ಒಂದಿನಾನೂ ಹಿಡ್ಕೊಳ್ಳಲಿಲ್ಲ. ಅದನ್ನ ಹೇಳಕ್ಕೆ ಬಂದೆ. ಇನ್ನೊಂದು, ನೀನು ರಕ್ತ ಪರೀಕ್ಷೆ ಮಾಡಿಸ್ಕೋ."

"ನಂಗೇನಾಗಿದೆ? ನಾನೇನು ನಿಮ್ಮಷ್ಟು ದಪ್ಪ ಇದೀನಾ?"

"ಅವಳೂ ಇರಲಿಲ್ಲ."

ಜಲಜಮ್ಮ ಒಳಗೆ ಹೋದಳು. ವಿದ್ಯಾಶ್ರೀ ಲೋಟದಲ್ಲಿ ನೀರು ತಂದುಕೊಟ್ಟಳು. ಕುಡಿದು, ಲೋಟವನ್ನು ಅವಳ ಕೈಗೆ ಕೊಟ್ಟು, "ಅಮ್ಮಂಗೆ ನೀನಾದ್ರೂ ಹೇಳಮ್ಮ" ಎಂದು ಹೊರಟ.

ಒಂದು ವಾರ ಏನೂ ಇಲ್ಲ. ಒಂಬತ್ತನೆಯ ದಿನ ವಿದ್ಯಾಶ್ರೀಯ ಫೋನ್ ಬಂತು. "ದೊಡ್ಡಪ್ಪ, ಅಮ್ಮಂದು ಖಾಲಿ ಹೊಟ್ಟೇಲಿ ಇನ್ನೂರ ಹದಿನಾಲ್ಕು ಬಂದಿದೆ. ಲ್ಯಾಬಿನೋರು ಎರಡು ಸಲ ಮಾಡಿದ್ರು." "ಹೆದರಬೇಡ" ಎಂದ ಕೊಟ್ರಬಸಪ್ಪ. "ಈಗ ಗೊತ್ತಾಯ್ತಲ್ಲ, ಮಾತ್ರೆ ಇದೆ, ಪಥ್ಯ ಇದೆ. ನಾನು ಹದಿನೇಳು ವರ್ಷದಿಂದ ಇಲ್ವಾ?"

ಫೋನ್ ಕೈ ಬದಲಾಯಿತು. ಈಗ ಜಲಜಮ್ಮ, "ಅಕ್ಕ ಕೊನೇಲಿ ಬಹಳ ಒದ್ದಾಡಿದ್ಲಾ ಭಾವ?"

"ಗೊತ್ತಿಲ್ಲ ಜಲಜಾ. ನಾನು ಕೆಳಗಿನ ಮಹಡಿಲಿದ್ದೆ. ಅವಳು ಹೋಗಿದ್ದು ನಂಗೆ ಎರಡು ದಿನ ಆದ್ಮೇಲೆ ಗೊತ್ತಾಯ್ತು."

"ಪಕ್ಕದ ಮಂಚದಲ್ಲಿ ಇರ್ಲಿಲ್ವಾ?"

"ಇಲ್ಲ."

"ನೀವು ಪಕ್ಕದಲ್ಲೇ ಇದ್ರಿ ಅಂದ್ಕೊಂಡಿದ್ದೆ. ಪಕ್ಕದಲ್ಲಿದ್ದೂ ಒಂದು ಫೋನ್ ಮಾಡಿ ಹೇಳ್ಲಿಲ್ಲ, ಕೊನೇಲಿ ಅವಳ ಮಾತು ಕೇಳಿಸ್ಲಿಲ್ಲ ಅಂತ..." ಅಷ್ಟಕ್ಕೇ ಬಿಟ್ಟು ಕೇಳಿದಳು: "ಏನಾದ್ರೂ ಹೇಳಿ ಕಳಿಸಿದ್ಲಾ?"

ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಮೇಲಿನ ಮಹಡಿಯಿಂದ ಇಳಿದ ಆಯಾ ಒಬ್ಬಳು ಅವನ ಮಂಚದ ಬಳಿ ಬಂದಿದ್ದಳು. ಇದನ್ನು ಅವನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಕೇಳುವವರೂ ಇರಲಿಲ್ಲ. "ಹೇಳಿ ಕಳಿಸಿದ್ಲು" ಎಂದ. "ಶುಗರ್ ಮಾತ್ರೆ ತಪ್ಪಿಸದೆ ತಗೊಳ್ತಿದಾರಾ ಕೇಳ್ಕೊಂಡು ಬಾ ಅಂತ."

ಜಲಜಮ್ಮ ಅತ್ತಳು. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೇ ಇದ್ದ. ಅಳು ನಿಂತ ಮೇಲೆ ಅವಳು, "ಸೋಮವಾರ ಡಾಕ್ಟ್ರ ಹತ್ರ ಹೋಗ್ಬೇಕು. ಹಳೆನಗರದಲ್ಲಿ. ವಿದ್ಯಾಂಗೆ ಪರೀಕ್ಷೆ ಇದೆ" ಎಂದಳು. ಬನ್ನಿ ಎನ್ನಲಿಲ್ಲ.

"ನಾನು ಬರ್ತೀನಿ" ಎಂದ.

ಸೋಮವಾರ ಕ್ಲಿನಿಕ್ಕಿನಲ್ಲಿ ಇಬ್ಬರೂ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತರು. ಅಕ್ಕಿ ಕಡಿಮೆ ಮಾಡಬೇಕಾ ಎಂದು ಅವಳು ಕೇಳಿದಳು, ಹೌದು ಎಂದ. ವೈದ್ಯರು ಅವಳಿಗೆ ಮಾತ್ರೆ ಬರೆದುಕೊಟ್ಟು, ಅವನನ್ನೂ ನೋಡಿ, "ಇಬ್ರೂ ದಿನಾ ಮುಕ್ಕಾಲು ಗಂಟೆ ನಡೀಬೇಕು" ಎಂದರು.

ಹೊರಗೆ ಆಟೋಗಳಿದ್ದವು. ಜಲಜಮ್ಮ ಅವುಗಳ ಕಡೆ ನೋಡದೆ ಹೊಳೆಯ ಕಡೆ ನಡೆಯತೊಡಗಿದಳು. ಜೊತೆಗೆ ಹೋಗಬೇಕೋ ಬೇಡವೋ ತಿಳಿಯದೆ ಕೊಟ್ರಬಸಪ್ಪ ಹಿಂದೆ ಹಿಂದೆ ನಡೆದ. ಅವಳ ಹೆಜ್ಜೆ ಚುರುಕು. ಸೇತುವೆ ಹತ್ತುವಷ್ಟರಲ್ಲಿ ಅವಳು ಬಹಳ ಮುಂದಿದ್ದಳು. ಅವನಿಗೆ ಏದುಸಿರು ಬಂತು, ಕಟಕಟೆ ಹಿಡಿದು ನಿಂತ. ಲಾರಿಯೊಂದು ಹಾದುಹೋಯಿತು. ತಲೆ ಎತ್ತಿ ನೋಡಿದಾಗ ಸೇತುವೆಯ ನಡುವೆ ಜಲಜಮ್ಮ ನಿಂತಿದ್ದಳು. ಅವನ ಕಡೆ ನೋಡುತ್ತಿರಲಿಲ್ಲ. ಕೆಳಗೆ ಭದ್ರೆಯ ನೀರು ನೋಡುತ್ತಿದ್ದಳು. ಅವನು ನಿಧಾನವಾಗಿ ನಡೆದು ಹತ್ತಿರ ಬರುವವರೆಗೂ ಹಾಗೆಯೇ ನಿಂತಿದ್ದು, ಆಮೇಲೆ ಮತ್ತೆ ನಡೆದಳು, ಈ ಸಲ ಸ್ವಲ್ಪ ಮೆಲ್ಲಗೆ.